ಬ್ರಿಟನ್ನಿನಲ್ಲಿ ಸ್ವತಂತ್ರವಾಗಿ ಮೊದಲ ಸೋಲೋ ಹಿಪ್ ಹಾಪ್ ಆಲ್ಬಂ ಹೊರತರುವ ಬಗೆ

ಸೋಲೋ ಆಲ್ಬಂ ಎಂದರೆ ಹೊದಿಕೆಯ ಮೇಲೆ ಒಂದೇ ಹೆಸರಿರುವ ಆಲ್ಬಂ ಎಂದಷ್ಟೇ ಅರ್ಥ. ಒಳಗೆ ಬೀಟ್ (ರ‍್ಯಾಪ್ ಮಾತಿಗೆ ಹಿನ್ನೆಲೆಯಾಗುವ ಸಂಗೀತ) ಕಟ್ಟಿಕೊಟ್ಟವರು ಒಬ್ಬರೋ ನಾಲ್ವರೋ ಇರುತ್ತಾರೆ, ಪಲ್ಲವಿ ಹಾಡಲು ಬಂದವರಿರುತ್ತಾರೆ, ಒಂದೇ ಒಂದು ಚರಣಕ್ಕೆಂದು ಕರೆಸಿಕೊಂಡ ಗೆಳೆಯನಿರುತ್ತಾನೆ, ಗ್ರಾಮಫೋನ್ ತಟ್ಟೆಯನ್ನು ಹಿಂದೆಮುಂದೆ ತಿರುಗಿಸಿ ಸದ್ದು ಹೊರಡಿಸಿದ (ಸ್ಕ್ರ್ಯಾಚ್ ಮಾಡಿದ) ಡಿಜೆ ಇರುತ್ತಾರೆ. ಕೆಲವೊಮ್ಮೆ ಐವತ್ತು ವರ್ಷಗಳ ಹಿಂದೆ ಯಾವುದೋ ತಟ್ಟೆಗೆ ಡ್ರಮ್ ಬಾರಿಸಿ ಅದನ್ನು ಮರೆತೇಬಿಟ್ಟ ವಾದಕನೂ ಇರುತ್ತಾನೆ. ದೊಡ್ಡ ಕಂಪನಿಯೊಂದಿಗೆ ಒಪ್ಪಂದವಿದ್ದವರಿಗೆ ಇವರೆಲ್ಲರ ಲೆಕ್ಕವನ್ನು ಕಂಪನಿಯ ವಕೀಲರು ನೋಡಿಕೊಳ್ಳುತ್ತಾರೆ. ಸ್ವತಂತ್ರವಾಗಿ ಹೊರಟವರಿಗೆ ಅದೂ ಸ್ವಂತ ಕೆಲಸವೇ. ಮೈಕು, ಸಾಫ್ಟ್‌ವೇರ್‌ಗಳ ಆಯ್ಕೆಯ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆಯಾದ್ದರಿಂದ, ಯಾರ ಪಾಲು ಎಷ್ಟು ಎಂಬುದನ್ನು ಯಾವಾಗ, ಹೇಗೆ ಬರೆದಿಡಬೇಕು ಎಂಬ ಪ್ರಶ್ನೆಗೇ ಇಲ್ಲಿ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಮೊದಲ ತೀರ್ಮಾನ

ಸ್ವತಂತ್ರ ಎಂಬ ಮಾತಿಗೆ ಬ್ರಿಟನ್ನಿನ ಹಿಪ್ ಹಾಪ್ ವಲಯದಲ್ಲಿ ಎರಡು ಅರ್ಥಗಳಿವೆ. ಸಣ್ಣ ಲೇಬಲ್ (ಧ್ವನಿಮುದ್ರಣ ಹೊರತರುವ ಸಂಸ್ಥೆ) ಒಂದರ ಮೂಲಕ ಬರುವುದು ಒಂದು ದಾರಿ. 1999ರಲ್ಲಿ ರ‍್ಯಾಪರ್ ರೂಟ್ಸ್ ಮನುವಾ ಅವರ ಮೊದಲ ಆಲ್ಬಂ ಬಂದದ್ದು ಬಿಗ್ ದಾದಾ ಎಂಬ ಲಂಡನ್ನಿನ ಪುಟ್ಟ ಲೇಬಲ್ಲಿನಿಂದ. ತಾವೇ ಲೇಬಲ್ ಹೆಸರೊಂದನ್ನು ಇಟ್ಟುಕೊಂಡು ಬರುವುದು ಇನ್ನೊಂದು ದಾರಿ. 2006ರಲ್ಲಿ ಅಕಾಲಾ ತಮ್ಮ ಇಲ್ಲಾ ಸ್ಟೇಟ್ ಹೆಸರಿನಲ್ಲಿ, 2015ರಲ್ಲಿ ಲಿಟಲ್ ಸಿಮ್ಜ್ ತಮ್ಮ ಏಜ್ 101 ಹೆಸರಿನಲ್ಲಿ ಮೊದಲ ಆಲ್ಬಂ ಹೊರತಂದದ್ದು ಹೀಗೆ. 2016ರಲ್ಲಿ ಸ್ಕೆಪ್ಟಾ ಅವರಿಗೆ, ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ತಂದ ಆಲ್ಬಂ ಕೂಡ ಬಾಯ್ ಬೆಟರ್ ನೋ ಎಂಬ ಸ್ವಂತ ಲೇಬಲ್ಲಿನದು. ಆದ್ದರಿಂದ ಸ್ವಂತ ಬಿಡುಗಡೆಯನ್ನು ಬೇರೆ ಗತಿಯಿಲ್ಲದವರ ದಾರಿ ಎಂದು ಇಲ್ಲಿ ಯಾರೂ ನೋಡುವುದಿಲ್ಲ.

ಸಣ್ಣ ಲೇಬಲ್ ಮುಂದೆ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಧ್ವನಿಮುದ್ರಣದ ಹಕ್ಕನ್ನು ಅವರಿಗೆ ಬರೆದುಕೊಡುತ್ತಿದ್ದೇನೆಯೇ, ಅಥವಾ ಇಂತಿಷ್ಟು ವರ್ಷಗಳಿಗೆ ಬಳಸಲು ಪರವಾನಗಿ ಮಾತ್ರ ಕೊಡುತ್ತಿದ್ದೇನೆಯೇ? ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧರ್ಧ ಎಂಬ ಮಾತು ಸಣ್ಣ ಲೇಬಲ್ಲುಗಳಲ್ಲಿ ಸಾಮಾನ್ಯ. ಆದರೆ ಖರ್ಚು ಎಂದರೆ ಯಾವುದೆಲ್ಲ ಎಂಬುದು ಕಾಗದದಲ್ಲಿ ಇರದಿದ್ದರೆ ಆ ಅರ್ಧಕ್ಕೆ ಅರ್ಥವಿಲ್ಲ. ಸಹಿ ಹಾಕುವ ಮುನ್ನ ಸಂಗೀತಗಾರರ ಸಂಘಟನೆಯಾದ ಮ್ಯೂಸಿಶಿಯನ್ಸ್ ಯೂನಿಯನ್ ಸದಸ್ಯರಾದರೆ, ಒಪ್ಪಂದದ ಕರಡನ್ನು ಓದಿ ಸಲಹೆ ಕೊಡುವ ಅದರ ಸೇವೆ ಸದಸ್ಯರಿಗೆ ದೊರೆಯುತ್ತದೆ. ವಕೀಲರ ಒಂದು ಗಂಟೆಯ ಶುಲ್ಕಕ್ಕೆ ಹೋಲಿಸಿದರೆ ಇದು ಬುದ್ಧಿವಂತಿಕೆಯ ಖರ್ಚು.

ಬೀಟ್ ಯಾರದು

ಒಂದು ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಸಂಗೀತ ಸೇರಿದ ರಚನೆಯ ಹಕ್ಕು ಒಂದು, ಆ ರಚನೆಯನ್ನು ಹಿಡಿದಿಟ್ಟ ಧ್ವನಿಮುದ್ರಣದ ಹಕ್ಕು ಇನ್ನೊಂದು. ಬ್ರಿಟನ್ನಿನ 1988ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಮೊದಲ ಹಕ್ಕುದಾರರು ಅದಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡಿದವರು. ಬೀಟನ್ನು ಒಬ್ಬರು ತಮ್ಮ ಮನೆಯಲ್ಲಿ ಕಟ್ಟಿ, ದನಿಯನ್ನು ನೀವು ಇನ್ನೊಂದು ಸ್ಟುಡಿಯೋದಲ್ಲಿ ಹಣ ಕೊಟ್ಟು ಮುದ್ರಿಸಿದಾಗ ಆ ಏರ್ಪಾಡು ಮಾಡಿದವರು ಯಾರು ಎಂಬುದೇ ಗೊಂದಲವಾಗುತ್ತದೆ. ಈ ಗೊಂದಲವನ್ನು ಗೆಳೆತನ ಬಿಡಿಸುವುದಿಲ್ಲ. ಅದೇ ಕಾಯ್ದೆಯಲ್ಲಿ, ಹಕ್ಕಿನ ವರ್ಗಾವಣೆಯಾಗಲಿ ಏಕಮಾತ್ರ ಪರವಾನಗಿಯಾಗಲಿ ಬರಹದಲ್ಲಿದ್ದು, ಹಕ್ಕುದಾರರ ಸಹಿ ಇದ್ದರೆ ಮಾತ್ರ ಊರ್ಜಿತವೆಂಬ ನಿಯಮವಿದೆ. ಅಂದರೆ ಬೀಟ್ ಕಟ್ಟಿದವರಿಗೆ ನೀವು ಹಣ ಕೊಟ್ಟಿದ್ದೀರಿ ಎಂಬ ಒಂದೇ ಕಾರಣಕ್ಕೆ ಬೀಟ್ ನಿಮ್ಮದಾಗುವುದಿಲ್ಲ.

ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಬಾಡಿಗೆಗೆಂದು ಸಿಗುವ ಬೀಟುಗಳ ಪರವಾನಗಿಯನ್ನು ಕೊನೆಯ ಸಾಲಿನವರೆಗೂ ಓದಬೇಕು. ಇಷ್ಟು ಬಾರಿ ಕೇಳಿಸಿಕೊಂಡ ಮೇಲೆ ಪರವಾನಗಿ ಮುಗಿಯುತ್ತದೆ ಎಂಬ ಮಿತಿ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದೇ ಬೀಟನ್ನು ಇನ್ನೂ ಹತ್ತು ಮಂದಿಗೆ ಕೊಡುವ ಸ್ವಾತಂತ್ರ್ಯವೂ ಮಾರಿದವರಿಗೆ ಇರುತ್ತದೆ. ಬಿಡಿ ಹಾಡಿಗೆ ಇದು ನಡೆಯಬಹುದು. ನಿಮ್ಮ ಹೆಸರಿನ ಮೊದಲ ಆಲ್ಬಮ್ಮಿಗೆ ಇಂಥ ಬೀಟ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹನ್ನೆರಡು ಹಾಡು ಮಾಡಲು ಹಣ ಸಾಲದಿದ್ದರೆ ಒಂಬತ್ತು ಮಾಡುವುದು ಮೇಲು.

ರಚನೆಯ ಪಾಲಿನ ವಿಷಯದಲ್ಲಿ ಬೀಟಿಗೆ ಅರ್ಧ, ಸಾಹಿತ್ಯಕ್ಕೆ ಅರ್ಧ ಎಂಬ ರೂಢಿ ಹಿಪ್ ಹಾಪ್‌ನಲ್ಲಿದೆ. ಅದು ರೂಢಿ, ಕಾನೂನಲ್ಲ. ಪಲ್ಲವಿಯ ರಾಗವನ್ನು ಹಾಡಿದವರೇ ಹೊಸೆದಿದ್ದರೆ, ಅತಿಥಿಯೊಬ್ಬರು ತಮ್ಮ ಚರಣವನ್ನು ತಾವೇ ಬರೆದಿದ್ದರೆ, ಆ ಅರ್ಧಗಳು ಮತ್ತೆ ಒಡೆಯುತ್ತವೆ. ಹಾಡು ಮುಗಿದ ರಾತ್ರಿಯೇ, ಎಲ್ಲರೂ ಸ್ಟುಡಿಯೋದಲ್ಲಿ ಇರುವಾಗಲೇ, ಹಾಡಿನ ಹೆಸರು, ಪ್ರತಿಯೊಬ್ಬರ ನಿಜನಾಮ, ರಚನೆಯಲ್ಲಿ ಶೇಕಡಾ ಎಷ್ಟು, ಧ್ವನಿಮುದ್ರಣದಲ್ಲಿ ಶೇಕಡಾ ಎಷ್ಟು, ಯಾರು ಯಾವ ವಾದ್ಯ ನುಡಿಸಿದರು ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಹಾಡು ಯಾರಿಗೂ ಗೊತ್ತಿಲ್ಲದ ಆ ರಾತ್ರಿ ಐದು ನಿಮಿಷದಲ್ಲಿ ಮುಗಿಯುವ ಮಾತು, ಹಾಡು ರೇಡಿಯೋದಲ್ಲಿ ಬಂದ ಮೇಲೆ ಐದು ತಿಂಗಳಾದರೂ ಮುಗಿಯದು. ಮುಂಚೆ ತಂಡದಲ್ಲಿದ್ದವರು ಇನ್ನೊಂದು ಎಚ್ಚರ ವಹಿಸಬೇಕು: ತಂಡಕ್ಕೆಂದು ಬರೆದ ಹಳೆಯ ಚರಣ, ತಂಡಕ್ಕೆಂದು ಕಟ್ಟಿದ ಬೀಟು ಸೋಲೋ ಆಲ್ಬಮ್ಮಿನೊಳಗೆ ಸದ್ದಿಲ್ಲದೆ ನುಸುಳಬಾರದು.

ಸ್ಯಾಂಪಲ್ ಎಂಬ ಸಾಲ

ಸ್ಯಾಂಪಲ್ ಎಂದರೆ ಹಳೆಯ ಧ್ವನಿಮುದ್ರಣದಿಂದ ತೆಗೆದು ಬೀಟಿನಲ್ಲಿ ಬಳಸಿದ ತುಣುಕು. ಮೂರು ಸೆಕೆಂಡಿನವರೆಗೆ ಪರವಾಗಿಲ್ಲ, ಎಂಟು ಸ್ವರದವರೆಗೆ ಅನುಮತಿ ಬೇಡ ಎಂಬ ಮಾತುಗಳು ಸ್ಟುಡಿಯೋಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಬ್ರಿಟಿಷ್ ಕಾನೂನಿನಲ್ಲಿ ಇಂಥ ಯಾವ ಅಳತೆಯೂ ಇಲ್ಲ. ಕಾಯ್ದೆ ಕೇಳುವುದು ಮೂಲಕೃತಿಯ ಗಣನೀಯ ಭಾಗವನ್ನು ತೆಗೆದುಕೊಂಡಿದ್ದೀರಾ ಎಂದು. ಆ ಗಣನೆಯಲ್ಲಿ ಉದ್ದಕ್ಕಿಂತ ಗುಣ ಮುಖ್ಯ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಸುಮಾರು ಎರಡು ಸೆಕೆಂಡಿನ ತುಣುಕಿನ ಮೇಲೆ ನಡೆದ ವ್ಯಾಜ್ಯದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು 2019ರಲ್ಲಿ, ಅತಿ ಚಿಕ್ಕ ತುಣುಕಿಗೂ ಧ್ವನಿಮುದ್ರಣದ ಹಕ್ಕುದಾರರ ಒಪ್ಪಿಗೆ ಬೇಕು, ಕಿವಿಗೆ ಗುರುತು ಸಿಗದಷ್ಟು ಅದನ್ನು ಮಾರ್ಪಡಿಸಿದ್ದರೆ ಮಾತ್ರ ಬೇಡ ಎಂದಿತು. ಬ್ರೆಕ್ಸಿಟ್‌ನ ಪರಿವರ್ತನಾ ಅವಧಿ ಮುಗಿಯುವ ಮುನ್ನವೇ ಬಂದ ತೀರ್ಪಾದ್ದರಿಂದ ಬ್ರಿಟನ್ನಿನಲ್ಲಿಯೂ ಅದಕ್ಕೆ ತೂಕವಿದೆ.

ಹಳೆಯ ಹಾಡಿನ ತುಣುಕೊಂದಕ್ಕೆ ಎರಡು ಬಾಗಿಲು ತಟ್ಟಬೇಕು: ಧ್ವನಿಮುದ್ರಣಕ್ಕಾಗಿ ಲೇಬಲ್ಲಿನದು, ರಚನೆಗಾಗಿ ಅದರ ಹಕ್ಕು ನೋಡಿಕೊಳ್ಳುವ ಸಂಗೀತ ಪ್ರಕಾಶಕರದು. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಕೆಲಸ ಆಗಲಿಲ್ಲವೆಂದೇ ಲೆಕ್ಕ. ಸಾಮಾನ್ಯವಾಗಿ ಮುಂಗಡ ಹಣವನ್ನೂ ಹಾಡಿನ ಪಾಲನ್ನೂ ಕೇಳುತ್ತಾರೆ, ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ಸಣ್ಣ ಕಲಾವಿದರ ಪತ್ರಕ್ಕೆ ಉತ್ತರವೇ ಬರದಿರುವುದೂ ಉಂಟು. ಹಾಗಾಗಿ ಸ್ಯಾಂಪಲ್ ಇರುವ ಹಾಡುಗಳ ಪಟ್ಟಿಯನ್ನು, ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಮುಂಚೆಯೇ ಮಾಡಿ, ಉತ್ತರ ಬರದ ಹಾಡುಗಳಿಗೆ ಬದಲಿ ದಾರಿ ಹುಡುಕಬೇಕು.

ಆ ತುಣುಕನ್ನು ವಾದಕರಿಂದ ಹೊಸದಾಗಿ ನುಡಿಸಿ ಮುದ್ರಿಸಿಕೊಂಡರೆ ಲೇಬಲ್ಲಿನ ಬಾಗಿಲು ತಟ್ಟುವ ಅಗತ್ಯವಿಲ್ಲ, ಪ್ರಕಾಶಕರ ಒಪ್ಪಿಗೆಯೊಂದೇ ಸಾಕು. ಇನ್ನೊಂದು ದಾರಿ ಕಾಲದ್ದು. ಬ್ರಿಟನ್ನಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷದಿಂದ 70 ವರ್ಷಕ್ಕೆ ಏರಿದ್ದು 2013ರ ನವೆಂಬರಿನಲ್ಲಿ, ಅದೂ ಆಗ ಇನ್ನೂ ಹಕ್ಕು ಉಳಿದಿದ್ದ ತಟ್ಟೆಗಳಿಗೆ ಮಾತ್ರ. ಆದ್ದರಿಂದ 1962 ಮತ್ತು ಅದಕ್ಕೂ ಹಿಂದೆ ಪ್ರಕಟವಾದ ಮುದ್ರಣಗಳು ಇಲ್ಲಿ ಮುಕ್ತವಾಗಿವೆ. ಆದರೆ ಮುಕ್ತವಾಗಿರುವುದು ಮುದ್ರಣ ಮಾತ್ರ. ರಚನೆಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 70 ವರ್ಷ ಇರುತ್ತದೆ. ಅಮೆರಿಕದ ಲೆಕ್ಕ ಬೇರೆ. ನಿಮ್ಮ ಹಾಡು ಸ್ಟ್ರೀಮಿಂಗ್ ಮೂಲಕ ಅಲ್ಲಿಗೂ ಹೋಗುತ್ತದೆ. ಗುಟ್ಟಾಗಿ ಹಾಕಿ ಸುಮ್ಮನಿರೋಣ ಎನ್ನುವವರು ಗಮನಿಸಬೇಕಾದ ಅಂಶವೆಂದರೆ, ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರ ಒಪ್ಪಂದದಲ್ಲಿ ಎಲ್ಲ ಹಕ್ಕುಗಳೂ ನನ್ನ ಬಳಿ ಇವೆ ಎಂದು ಖಾತರಿ ಕೊಟ್ಟು ಸಹಿ ಹಾಕುವವರು ನೀವೇ.

ಬರೆಯುವುದು, ಮುದ್ರಿಸುವುದು

ತಂಡದ ಹಾಡಿನಲ್ಲಿ ಪ್ರತಿಯೊಬ್ಬರೂ ಹದಿನಾರು ಆವರ್ತಗಳ (ನಾಲ್ಕು ಬಡಿತಕ್ಕೊಂದು ಆವರ್ತ) ಒಂದು ಚರಣ ಹೇಳಿ ಮೈಕು ಬಿಟ್ಟುಕೊಡುತ್ತಾರೆ. ನಿಮಿಷಕ್ಕೆ 90 ಬಡಿತದ ಬೀಟಿನಲ್ಲಿ ಆ ಹದಿನಾರು ಮುಗಿಯಲು ಸುಮಾರು 43 ಸೆಕೆಂಡು ಸಾಕು. ಗ್ರೈಮ್ ಎಂಬ ಲಂಡನ್ನಿನ ಬಿರುಸಿನ ಶೈಲಿಯ 140ರ ವೇಗದಲ್ಲಾದರೆ 27. ಅಷ್ಟು ಹೊತ್ತು ಪ್ರಾಸದ ಜಾಣ್ಮೆ, ಹೊಡೆತದ ಮಾತು, ಉಸಿರಿನ ಬಿಗಿ ಇಷ್ಟರಿಂದಲೇ ಕೇಳುಗರನ್ನು ಹಿಡಿದಿಡಬಹುದು. ನಲವತ್ತು ನಿಮಿಷ ಒಂದೇ ದನಿ ಕೇಳಿಸಬೇಕಾದಾಗ ಅದೇ ಜಾಣ್ಮೆ ದಣಿವು ತರಿಸುತ್ತದೆ. ಮೊದಲ ಸೋಲೋ ಆಲ್ಬಮ್ಮುಗಳು ಸೋಲುವುದು ಹೆಚ್ಚಾಗಿ ಇಲ್ಲಿ. ಆದ್ದರಿಂದ ಹಾಡುಗಳನ್ನು ಆರಿಸುವಾಗ ಯಾವುದು ಒಳ್ಳೆಯದು ಎಂಬುದಕ್ಕಿಂತ ಯಾವುದು ಪಕ್ಕದ ಹಾಡಿಗಿಂತ ಬೇರೆ ಎಂದು ನೋಡಬೇಕು: ವೇಗ ಬೇರೆಯೇ, ಹೇಳುವ ದನಿಯ ಎತ್ತರ ಬೇರೆಯೇ, ಮಾತನಾಡುತ್ತಿರುವುದು ಯಾರೊಂದಿಗೆ? ಬೀಟ್ ನಿಂತು ದನಿ ಮಾತ್ರ ಉಳಿಯುವ ಎಂಟು ಆವರ್ತಗಳು ಕೆಲವೊಮ್ಮೆ ಇಡೀ ಹಾಡಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಉಚ್ಚಾರಣೆಯ ವಿಷಯದಲ್ಲಿ ಬ್ರಿಟಿಷ್ ರ‍್ಯಾಪ್ ತನ್ನ ಪಾಠವನ್ನು ಎಂದೋ ಕಲಿತಿದೆ. ಎಂಬತ್ತರ ದಶಕದಲ್ಲಿ ಇಲ್ಲಿನ ಅನೇಕರು ನ್ಯೂಯಾರ್ಕಿನ ಉಚ್ಚಾರಣೆಯನ್ನು ಅನುಕರಿಸುತ್ತಿದ್ದಾಗ, ಲಂಡನ್ ಪಾಸಿ ತಂಡದವರು ಲಂಡನ್ನಿನ ಬೀದಿಯ ಮಾತಿನಲ್ಲಿಯೇ ರ‍್ಯಾಪ್ ಮಾಡಿ ಹಾದಿ ತೆರೆದರು. ನೀವು ಲೀಡ್ಸ್‌ನವರಾಗಿದ್ದರೆ ಲೀಡ್ಸ್‌ನವರಂತೆಯೇ, ಬ್ರಿಸ್ಟಲ್‌ನವರಾಗಿದ್ದರೆ ಬ್ರಿಸ್ಟಲ್‌ನವರಂತೆಯೇ ಕೇಳಿಸಬೇಕು. ಈಗಿನ ಅಪಾಯ ನ್ಯೂಯಾರ್ಕ್ ಅಲ್ಲ, ಎಲ್ಲರೂ ದಕ್ಷಿಣ ಲಂಡನ್ನಿನವರಂತೆ ಕೇಳಿಸುವುದು.

ಮುದ್ರಣಕ್ಕೆ ಮುಂಚೆ ಬೀಟ್ ಕಟ್ಟಿದವರಿಂದ ಡ್ರಮ್, ಬಾಸ್, ಸ್ಯಾಂಪಲ್, ಸ್ಕ್ರ್ಯಾಚ್ ಎಲ್ಲವನ್ನೂ ಬೇರೆಬೇರೆ ವೇವ್ ಕಡತಗಳಾಗಿ ಪಡೆಯಬೇಕು; ಎಂಪಿ3 ಬೀಟಿನ ಮೇಲೆ ದನಿ ಕೂರಿಸಿದ ಹಾಡನ್ನು ಎಂಥ ಮಿಕ್ಸಿಂಗ್ ಎಂಜಿನಿಯರ್ ಕೂಡ ಪೂರ್ತಿ ಸರಿಪಡಿಸಲಾರರು. ಮಿಕ್ಸ್ ಮುಗಿದ ದಿನವೇ ನಾಲ್ಕು ರೂಪಗಳನ್ನು ತೆಗೆಸಿಟ್ಟುಕೊಳ್ಳಬೇಕು: ಪೂರ್ಣ ಹಾಡು, ಬೈಗುಳ ತೆಗೆದ ರೇಡಿಯೋ ರೂಪ, ದನಿಯಿಲ್ಲದ ಬೀಟ್, ಮತ್ತು ವೇದಿಕೆಗಾಗಿ ಪಲ್ಲವಿ ಹಾಗೂ ಒತ್ತುದನಿಗಳನ್ನು ಮಾತ್ರ ಉಳಿಸಿದ ರೂಪ. ಆರು ತಿಂಗಳ ನಂತರ ಇವನ್ನು ಕೇಳಿದರೆ ಎಂಜಿನಿಯರ್ ಬಳಿ ಆ ಪ್ರಾಜೆಕ್ಟ್ ತೆರೆಯದೆ ಹೋಗಬಹುದು. ಮಾಸ್ಟರಿಂಗ್‌ನಲ್ಲಿ ಅಬ್ಬರದ ಪೈಪೋಟಿ ಬೇಡ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಸುಮಾರು ಮೈನಸ್ 14 ಲಫ್ಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದೇ ಕೇಳಿಸುತ್ತದೆಯಾದ್ದರಿಂದ, ಬೀಟಿನ ಉಸಿರು ಕಟ್ಟುವಷ್ಟು ಒತ್ತಿ ಏರಿಸಿದ ಹಾಡಿಗೆ ಅಲ್ಲಿ ಸಿಗುವುದು ಉಸಿರುಗಟ್ಟಿದ ಹಾಡು ಮಾತ್ರ.

ನೋಂದಣಿ

ಹೊಸಬರು ಹೆಚ್ಚು ಹಣ ಕಳೆದುಕೊಳ್ಳುವುದು ಎರಡು ಸಂಸ್ಥೆಗಳನ್ನು ಒಂದೇ ಎಂದು ತಿಳಿದುಕೊಂಡು. ಪಿಆರ್‌ಎಸ್ ಫಾರ್ ಮ್ಯೂಸಿಕ್ ಹಣ ಸಂಗ್ರಹಿಸುವುದು ರಚನೆಗಾಗಿ, ಅಂದರೆ ಸಾಹಿತ್ಯ ಬರೆದವರಿಗೆ ಮತ್ತು ಬೀಟ್ ಕಟ್ಟಿದವರಿಗೆ. ಪಿಪಿಎಲ್ ಸಂಗ್ರಹಿಸುವುದು ಧ್ವನಿಮುದ್ರಣಕ್ಕಾಗಿ. ಅದರಲ್ಲಿ ಅರ್ಧ ಮುದ್ರಣದ ಹಕ್ಕುದಾರರಿಗೆ, ಉಳಿದರ್ಧ ಅದರಲ್ಲಿ ಹಾಡಿದ, ನುಡಿಸಿದ ಕಲಾವಿದರಿಗೆ. ನಿಮ್ಮ ಹಾಡು ಒಮ್ಮೆ ರೇಡಿಯೋ ಕೇಂದ್ರವಾದ ಬಿಬಿಸಿ 1ಎಕ್ಸ್‌ಟ್ರಾದಲ್ಲಿ ಬಂದರೆ ಎರಡೂ ಕಡೆ ಹಣ ಹುಟ್ಟುತ್ತದೆ. ಸ್ವಂತ ಬಿಡುಗಡೆಯಾದರೆ ಪಿಪಿಎಲ್‌ನಲ್ಲಿ ಹಕ್ಕುದಾರರಾಗಿ ಒಮ್ಮೆ, ಕಲಾವಿದರಾಗಿ ಇನ್ನೊಮ್ಮೆ, ಹೀಗೆ ಎರಡು ನೆಲೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಶುಲ್ಕವಿಲ್ಲ. ಪಿಆರ್‌ಎಸ್‌ಗೆ ಒಮ್ಮೆ ಕಟ್ಟುವ ಸದಸ್ಯತ್ವ ಶುಲ್ಕವಿದೆ.

ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಬೇಕು. ಬ್ರಿಟನ್ನಿನಲ್ಲಿ ಇದನ್ನು ಕೊಡುವ ಅಧಿಕೃತ ಸಂಸ್ಥೆ ಪಿಪಿಎಲ್ಲೇ, ವಿತರಕರೂ ಕೊಡಬಲ್ಲರು. ಎಲ್ಲಿಂದ ಪಡೆದರೂ ಆಮೇಲೆ ಎಲ್ಲ ಕಡೆಯೂ ಅದೊಂದನ್ನೇ ಬಳಸಬೇಕು, ಆದರೆ ರೇಡಿಯೋ ರೂಪಕ್ಕೂ ವಾದ್ಯರೂಪಕ್ಕೂ ಪ್ರತ್ಯೇಕ ಗುರುತು ಇರಬೇಕು. ಸ್ಟುಡಿಯೋದಲ್ಲಿ ಸಹಿ ಹಾಕಿಸಿಟ್ಟ ಆ ಹಾಳೆಗಳು ಬೆಲೆಬಾಳುವುದು ಈಗ: ಬಾಸ್ ನುಡಿಸಿದವರ ಹೆಸರನ್ನೂ ಸ್ಕ್ರ್ಯಾಚ್ ಮಾಡಿದವರ ಹೆಸರನ್ನೂ ಬಿಡದೆ ಪಿಪಿಎಲ್‌ನಲ್ಲಿ ದಾಖಲಿಸಬೇಕು.

ಹಣ ಮತ್ತು ತಟ್ಟೆ

ಅನುದಾನ ಕೇಳುವುದಾದರೆ ಪಿಆರ್‌ಎಸ್ ಫೌಂಡೇಶನ್, ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್, ಸ್ಕಾಟ್ಲೆಂಡಿನವರಿಗೆ ಕ್ರಿಯೇಟಿವ್ ಸ್ಕಾಟ್ಲೆಂಡ್ ಇವೆ. ಆರ್ಟ್ಸ್ ಕೌನ್ಸಿಲ್ ಆಗಲೇ ಶುರುವಾದ ಕೆಲಸಕ್ಕೆ ಹಣ ಕೊಡುವುದಿಲ್ಲ. ಆದ್ದರಿಂದ ಅರ್ಜಿ ಮೊದಲು, ಸ್ಟುಡಿಯೋ ನಂತರ.

ಸ್ಟ್ರೀಮಿಂಗ್‌ನಿಂದ ಖರ್ಚು ಹುಟ್ಟೀತು ಎಂಬ ಲೆಕ್ಕಾಚಾರ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ 1000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಮುದ್ರಣದ ರಾಯಲ್ಟಿಯೇ ಇಲ್ಲ. ಕಲಾವಿದರು ಕೇಳುಗರಿಗೆ ನೇರವಾಗಿ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15ನ್ನೂ ತಟ್ಟೆ, ಅಂಗಿಗಳಂಥ ವಸ್ತುಗಳಲ್ಲಿ ಶೇ. 10ನ್ನೂ ಇಟ್ಟುಕೊಂಡು, ಪಾವತಿ ವೆಚ್ಚ ಕಳೆದು ಉಳಿದದ್ದನ್ನು ಕಲಾವಿದರಿಗೆ ಕೊಡುತ್ತದೆ. ನೂರಿನ್ನೂರು ನಿಷ್ಠಾವಂತ ಕೇಳುಗರಿರುವ ರ‍್ಯಾಪರ್‌ಗೆ ಅಂಗಡಿ ಅಲ್ಲಿಯೇ. ಬ್ರಿಟಿಷ್ ಹಿಪ್ ಹಾಪ್ ಕೇಳುವವರಲ್ಲಿ ವಿನೈಲ್ ಕೊಳ್ಳುವವರು ಇನ್ನೂ ಇದ್ದಾರೆ.

ತಟ್ಟೆ ಒತ್ತಿಸುವುದಾದರೆ ಆಲ್ಬಮ್ಮಿನ ಉದ್ದವನ್ನು ಬರೆಯುವ ಹಂತದಲ್ಲಿಯೇ ತೀರ್ಮಾನಿಸಬೇಕು. ನಿಮಿಷಕ್ಕೆ 33 ಸುತ್ತಿನ ವೇಗದ ಹನ್ನೆರಡು ಅಂಗುಲದ ತಟ್ಟೆಯಲ್ಲಿ ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿದರೆ ಸದ್ದು ತಗ್ಗುತ್ತದೆ, ಹಿಪ್ ಹಾಪ್‌ಗೆ ಬೇಕಾದ ಬಾಸ್ ಸೊರಗುತ್ತದೆ. ಹೀಗಾಗಿ ನಲವತ್ತು ನಿಮಿಷ ಒಳ್ಳೆಯ ಮಿತಿ. ಐವತ್ತೈದು ನಿಮಿಷದ ಆಲ್ಬಂ ಎರಡು ತಟ್ಟೆ ಬೇಡುತ್ತದೆ, ಒತ್ತಿಸುವ ಖರ್ಚೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪ್ರತಿ ಬದಿಯ ಕೊನೆಯಲ್ಲಿ, ಗೆರೆ ಒಳಸುತ್ತಿಗೆ ಬಂದಾಗ, ಸ ಮತ್ತು ಶ ಕಾರಗಳು ಚಿರ್ ಎನ್ನುವುದರಿಂದ ಅಲ್ಲಿ ಮೃದುವಾದ ಹಾಡನ್ನಿಡುವುದು ಹಳೆಯ ಜಾಣತನ. ಕಾರ್ಖಾನೆಯವರು ಒತ್ತುವ ಮುನ್ನ, ರಚನೆಗಳ ಪ್ರತಿ ಮಾಡಲು ಬೇಕಾದ ಎಂಸಿಪಿಎಸ್ ಪರವಾನಗಿ ಕೇಳುತ್ತಾರೆ, ಪರೀಕ್ಷಾ ತಟ್ಟೆಗಳನ್ನು ಕಳುಹಿಸುತ್ತಾರೆ. ಆ ಪರೀಕ್ಷಾ ತಟ್ಟೆಯನ್ನು ಎರಡು ಬೇರೆ ಪ್ಲೇಯರ್‌ಗಳಲ್ಲಿ ಪೂರ್ತಿ ಕೇಳಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಬಿಡುಗಡೆಯ ದಿನಾಂಕವನ್ನು ಬಾಯಿಬಿಡಬೇಕು.

ಬಿಡುಗಡೆ ಮತ್ತು ನಂತರ

2015ರಿಂದ ಹೊಸ ಆಲ್ಬಮ್ಮುಗಳು ಶುಕ್ರವಾರ ಬರುತ್ತವೆ, ಬ್ರಿಟನ್ನಿನ ಅಧಿಕೃತ ಜನಪ್ರಿಯತೆಯ ಪಟ್ಟಿಯ ವಾರವೂ ಶುಕ್ರವಾರದಿಂದ ಗುರುವಾರದವರೆಗೆ. ಕಡತಗಳನ್ನು ವಿತರಕರಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಒಪ್ಪಿಸಿ, ಸ್ಪಾಟಿಫೈನ ಹಾಡುಪಟ್ಟಿಗಳ ಸಂಪಾದಕರಿಗೆ ಒಂದು ಹಾಡನ್ನು ಏಳು ದಿನಗಳಿಗೂ ಮುಂಚೆ ಸೂಚಿಸಬೇಕು. ಹೊಸ ಕಲಾವಿದರಿಗಾಗಿ ಇರುವ ಬಿಬಿಸಿ ಇಂಟ್ರಡ್ಯೂಸಿಂಗ್‌ಗೆ ಯಾವ ಲೇಬಲ್ಲಿನ ಶಿಫಾರಸೂ ಇಲ್ಲದೆ ಹಾಡು ಕಳುಹಿಸಬಹುದು. ಅದು ಮೊದಲು ನಿಮ್ಮ ಪ್ರದೇಶದ ಕಾರ್ಯಕ್ರಮದವರ ಕಿವಿಗೆ ಬೀಳುತ್ತದೆ. ಮಕ್ಕಳು ಕೇಳುವ ಹೊತ್ತಿನಲ್ಲಿ ಕಟುವಾದ ಬೈಗುಳ ಪ್ರಸಾರವಾಗಬಾರದೆಂಬ, ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ನಿಯಮದಿಂದಾಗಿ, ರೇಡಿಯೋ ರೂಪವಿಲ್ಲದ ಹಾಡನ್ನು ಹಗಲಿನ ಯಾವ ನಿರೂಪಕರೂ ಹಾಕಲಾರರು. ರಿನ್ಸ್, ಎನ್‌ಟಿಎಸ್, ರೆಪ್ರೆಸೆಂಟ್‌ನಂಥ ಕೇಂದ್ರಗಳಿಗೆ ಬರೆಯುವಾಗ ಇಡೀ ಆಲ್ಬಂ ಕಳುಹಿಸದೆ, ಆ ಕಾರ್ಯಕ್ರಮಕ್ಕೆ ಹೊಂದುವ ಒಂದೇ ಹಾಡನ್ನು ಹೆಸರಿಸಿ ಕಳುಹಿಸಬೇಕು.

ವೇದಿಕೆಯ ವಿಷಯದಲ್ಲಿ ಇಂದಿನವರು ಸ್ವಲ್ಪ ಅದೃಷ್ಟವಂತರು. 2005ರಿಂದ 2017ರವರೆಗೆ ಲಂಡನ್ ಪೊಲೀಸರ ಫಾರ್ಮ್ 696 ಎಂಬ ಅಪಾಯದ ಅಂದಾಜಿನ ಅರ್ಜಿಯಿಂದಾಗಿ ರ‍್ಯಾಪ್ ಮತ್ತು ಗ್ರೈಮ್ ಕಾರ್ಯಕ್ರಮಗಳೇ ಹೆಚ್ಚಾಗಿ ಅಡ್ಡಿ ಎದುರಿಸಿದವು ಎಂಬ ದೂರು ಬಲವಾಗಿತ್ತು. ಅದನ್ನು ಕೊನೆಗೆ ಕೈಬಿಡಲಾಯಿತು. ಪ್ರತಿ ಕಾರ್ಯಕ್ರಮದ ನಂತರ ಹಾಡಿದ ಹಾಡುಗಳ ಪಟ್ಟಿಯನ್ನು ಪಿಆರ್‌ಎಸ್‌ಗೆ ಸಲ್ಲಿಸಿದರೆ ಸಣ್ಣ ಸಭಾಂಗಣದಿಂದಲೂ ಸ್ವಲ್ಪ ರಾಯಲ್ಟಿ ಬರುತ್ತದೆ. ಅಂಗಿ, ತಟ್ಟೆಗಳ ಮಾರಾಟದಲ್ಲಿ ಕಮಿಷನ್ ಕೇಳದ ಸಭಾಂಗಣಗಳ ಪಟ್ಟಿಯೊಂದನ್ನು ಕಲಾವಿದರ ಸಂಘಟನೆಯಾದ ಫೀಚರ್ಡ್ ಆರ್ಟಿಸ್ಟ್ಸ್ ಕೊಯಲಿಶನ್ 2022ರಿಂದ ನಡೆಸುತ್ತಿದೆ, ದಿನ ಗೊತ್ತುಮಾಡುವ ಮುನ್ನ ಅದನ್ನು ನೋಡಬಹುದು.

ತೆರಿಗೆಯ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಆ ವರ್ಷದಲ್ಲಿ ಸಂಗೀತದಿಂದ ಬಂದ ಒಟ್ಟು ಹಣ 1000 ಪೌಂಡ್ ದಾಟಿದ್ದರೆ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಾಯಿಸಿ, ಜನವರಿ 31ರೊಳಗೆ ಲೆಕ್ಕ ಒಪ್ಪಿಸಬೇಕು; ಸ್ಟುಡಿಯೋ, ಮಾಸ್ಟರಿಂಗ್, ಒತ್ತಿಸುವ ಖರ್ಚಿನ ರಸೀದಿಗಳು ಆಗ ಬೇಕಾಗುತ್ತವೆ. ಪಿಆರ್‌ಎಸ್‌ನ ಮುಖ್ಯ ಪಾವತಿಗಳು ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಡಿಸೆಂಬರ್ ತಿಂಗಳಲ್ಲಿ ಬರುತ್ತವೆ. ಅಲ್ಲಿ ಪ್ರತಿಯೊಬ್ಬ ರಚನಕಾರರಿಗೂ ನೇರವಾಗಿ ಹಣ ಹೋಗುತ್ತದೆಯಾದರೂ, ವಿತರಕರು ಮತ್ತು ಬ್ಯಾಂಡ್‌ಕ್ಯಾಂಪ್ ಕಳುಹಿಸುವ ಹಣ ಬೀಳುವುದು ನಿಮ್ಮ ಒಬ್ಬರ ಖಾತೆಗೆ. ಅದು ಹದಿನೆಂಟು ಪೌಂಡಾಗಿದ್ದರೂ ಸರಿ, ಸ್ಟುಡಿಯೋದ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಪಾಲು ಹಾಕಿ, ಲೆಕ್ಕದ ಪ್ರತಿಯೊಂದಿಗೆ ಬೀಟ್ ಕಟ್ಟಿದವರಿಗೆ ಅದೇ ವಾರ ಕಳುಹಿಸಿಬಿಡಿ.